ಬೆಟ್ಟಯ್ಯನ ಅರ್ಧ ಪದ

ಸತ್ತವರ ಮುಖ ನೋಡದೆ ಮುದ್ದಮ್ಮ ಪದ ಎತ್ತಿದ್ದು ಬದುಕಿನಲ್ಲಿ ಅದೊಂದೇ ಸಲ.

ಸೋಸಲೆಯಿಂದ ಎರಡು ಮೈಲಿ ಒಳಕ್ಕೆ, ಕಾವೇರಿ ದಂಡೆಗೆ ಅಂಟಿಕೊಂಡಿರುವ ಊರು ನಮ್ಮದು. ಇಲ್ಲಿ ಯಾರ ಮನೆಯಲ್ಲಿ ಜೀವ ಹೋದರೂ ಮೊದಲು ನೆಂಟರಿಗೆ ಹೇಳಿಕಳಿಸುತ್ತಾರೆ, ಆಮೇಲೆ ಮುದ್ದಮ್ಮನಿಗೆ. ಅವಳು ಬಂದು ಹೆಣದ ತಲೆದೆಸೆಯಲ್ಲಿ ಕೂತು, ಒಂದು ಗಳಿಗೆ ಮುಖವನ್ನೇ ನೋಡಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಪದ ಎತ್ತುತ್ತಾಳೆ. ಅಳುವ ಪದ ಅಂತಾರೆ. ಆದರೆ ಅಳು ಅದರಲ್ಲಿ ಸ್ವಲ್ಪ, ಕತೆಯೇ ಹೆಚ್ಚು. ಸತ್ತವನು ಹೇಗೆ ಬಾಳಿದ ಅನ್ನುವುದು ಎರಡು ಭಾಗವಾಗಿ ಬರುತ್ತದೆ. ಮೊದಲನೆಯದಕ್ಕೆ ಕರಿ ಅನ್ನುತ್ತಾರೆ. ಅದರಲ್ಲಿ ಅವನು ಮಾಡಿದ ಒಂದು ತಪ್ಪು. ಎರಡನೆಯದು ಬಿಳಿ, ಅದರಲ್ಲಿ ಅವನಲ್ಲಿದ್ದ ಒಂದು ಒಳ್ಳೆಯದು. ಬಿಳಿ ಮುಗಿಯುವುದಕ್ಕೂ ಚಟ್ಟ ಏಳುವುದಕ್ಕೂ ಸರಿಹೋಗಬೇಕು.

ಈ ಕಟ್ಟಳೆಯನ್ನು ಮುದ್ದಮ್ಮನಿಗೆ ಕಲಿಸಿದವಳು ಅವಳ ಅತ್ತೆ ಮರಿತಾಯಮ್ಮ. "ಬರೀ ಬಿಳಿ ಯೋಳುದ್ರೆ ಯಮ ನಗ್ತಾನೆ ಕಣಮ್ಮಿ, ಇವ್ನು ಮನುಸ್ಯನೇ ಅಲ್ಲ, ಯಾರ್ನೋ ಕಳ್ಸವ್ರೆ ಅಂತ ವಾಪಸ್ ಅಟ್ತಾನೆ. ಬರೀ ಕರಿ ಯೋಳುದ್ರೆ ಎತ್ತಕ್ಕೆ ನಾಕು ಎಗಲು ಸಿಕ್ಕಲ್ಲ" ಅನ್ನುತ್ತಿದ್ದಳು ಆಕೆ. ಕೋಳಿ ಕಳ್ಳ ಕುಳ್ಳಯ್ಯ ಸತ್ತಾಗ ಮರಿತಾಯಮ್ಮ ಹಾಡಿದ್ದನ್ನು ಊರು ಇವತ್ತಿಗೂ ನೆನೆಯುತ್ತದೆ: ನೂರು ಕೋಳಿ ಕದ್ದವನೇ, ಕಾವಿಗೆ ಕೂತ ಕೋಳಿಯ ಮುಟ್ಟಲಿಲ್ಲವಲ್ಲೋ. ಅವನಿಂದ ಕೋಳಿ ಕಳೆದುಕೊಂಡವರೇ ಹೆಗಲು ಕೊಟ್ಟರು. ಏಕಾದಶಿ ತಪ್ಪಿಸದ ಒಬ್ಬ ಮುದುಕಿ ಸತ್ತಾಗ, ಸೊಸೆಯ ತಟ್ಟೆಗೆ ತೊಟ್ಟು ತುಪ್ಪ ಬೀಳಲಿಲ್ಲವಲ್ಲೇ ಅಂತಲೂ ಹಾಡಿದ್ದಳು. ಆ ಸೊಸೆ ಅಲ್ಲಿಯವರೆಗೂ ಅತ್ತಿರಲಿಲ್ಲ. ಅದನ್ನು ಕೇಳಿದ ಮೇಲೆ ಅವಳ ಅಳು ನಿಲ್ಲಿಸುವುದೇ ಕಷ್ಟವಾಯಿತು.

ಇನ್ನೊಂದು ಕಟ್ಟಳೆಯೂ ಇತ್ತು. ಮುಖ ನೋಡಿಯೇ ಎತ್ತಬೇಕು.

ತೊಂಬತ್ತೇಳನೇ ಇಸವಿಯ ಕಾರ್ತಿಕದಲ್ಲಿ ಬೆಟ್ಟಯ್ಯ ಕಾಯಿಲೆ ಬಿದ್ದ. ನಾಲೆ ಪಕ್ಕದ ಆರು ಎಕರೆ ಗದ್ದೆಯ ಒಡೆಯ, ಮಾತು ಕಮ್ಮಿ, ಕೈ ಮುಂದು. ನೀರಿನ ಸರದಿಯ ಜಗಳದಲ್ಲಿ ಒಬ್ಬನ ಮುಂಗೈ ಮುರಿದಿದ್ದ. ಅವನು ಬೀದಿಯಲ್ಲಿ ಬಂದರೆ ಜಗುಲಿ ಮೇಲಿನ ನಗು ತಾನಾಗಿ ಆರುತ್ತಿತ್ತು. ಹೆಂಡತಿ ಸತ್ತು ಬಹಳ ಕಾಲವಾಗಿತ್ತು. ಮಗ ಕಾಂತರಾಜು ನಂಜನಗೂಡಿನಲ್ಲಿ ಒಂದು ಫ್ಯಾಕ್ಟರಿಯಲ್ಲಿದ್ದ. ಅಪ್ಪನನ್ನು ಅಲ್ಲಿಯ ಆಸ್ಪತ್ರೆಗೆ ಸೇರಿಸಿದ. ಏಳನೇ ದಿನ ಮಧ್ಯಾಹ್ನ ಸೋಸಲೆಯ ಫೋನಿನ ಅಂಗಡಿಯವನು ಸೈಕಲ್ಲಿನಲ್ಲಿ ಬಂದು ಹೇಳಿದ: "ಕಾಂತ್ರಾಜು ಫೋನ್ ಮಾಡಿದ್ದ. ಉಸ್ರು ನಿಂತೋಯ್ತಂತೆ. ಮೂರ್ ಗಂಟ್ಗೆಲ್ಲ ತತ್ತಾರಂತೆ."

ಅಂಗಳಕ್ಕೆ ಚಪ್ಪರ ಎದ್ದಿತು, ತಮಟೆಯವರು ಬಂದು ಬೆಂಕಿ ಹಾಕಿಕೊಂಡು ಚರ್ಮ ಕಾಯಿಸಿದರು. ಬಿದಿರು ಕಡಿದು ಚಟ್ಟ ಕಟ್ಟಿದರು. ಮೂರು ಗಂಟೆ ಆಯಿತು, ನಾಲ್ಕಾಯಿತು, ವ್ಯಾನು ಬರಲಿಲ್ಲ. ಕೂತವರು ಆಕಳಿಸತೊಡಗಿದರು.

"ಏನಮ್ಮಿ ಮುದ್ದಮ್ಮ, ಬಾಯ್ಗೆ ಬೀಗ ಜಡ್ಕಂಡಿದ್ದೀಯ? ಸುರು ಮಾಡು, ಬರೋವರ್ಗೂ ಒತ್ತು ಓಗ್ಲಿ" ಅಂದ ಚಾಮಯ್ಯ. ಊರ ಯಜಮಾನ, ಎಲ್ಲ ಸಾವಿನಲ್ಲೂ ಮುಂದೆ ಕೂರುವವನು.

"ಮಕ ನೋಡ್ದೆ ಎಂಗೆ ಎತ್ಲಿ?"

"ಅವನ ಮಕ ನಲವತ್ತೊರ್ಸದಿಂದ ನೋಡಿಲ್ವಾ? ಸತ್ತ್ ಮ್ಯಾಲೆ ನಗ್ತಿರ್ತಾನೆ ಅಂದ್ಕಂಡಾ?"

ಜನ ನಕ್ಕರು. ಮುದ್ದಮ್ಮ ಎದ್ದು ಬಂದು ಚಟ್ಟದ ಪಕ್ಕ ಕೂತಳು. ಚಾಮಯ್ಯನ ಒತ್ತಾಯಕ್ಕೆ ಅಂತ ಎಲ್ಲರೂ ಅಂದುಕೊಂಡರು. ಆದರೆ ಅವಳ ಒಳಗೆ ಬೇರೆಯೇ ಇತ್ತು. ಬೆಟ್ಟಯ್ಯನ ಕರಿ ಯಾವುದು ಅನ್ನುವುದು ಊರಿನಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಅವನ ಮುಖ ಕಣ್ಣೆದುರು ಇದ್ದರೆ ಅದನ್ನು ಹಾಡಲು ನಾಲಿಗೆ ಏಳುವುದಿಲ್ಲ ಅನ್ನುವುದೂ ಗೊತ್ತಿತ್ತು. ಖಾಲಿ ಚಟ್ಟದ ಮುಂದೆ ಅದು ಸುಲಭವಾಗಿ ಬಂತು.

ಹದಿನೆಂಟು ವರ್ಷದ ಹಿಂದಿನ ಆಷಾಢ ಅದು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಮುದ್ದಮ್ಮ ಬಟ್ಟೆ ಒಗೆಯುತ್ತಿದ್ದಳು. ಬೆಟ್ಟಯ್ಯನೂ ಅವನ ತಮ್ಮ ಮಹದೇವನೂ ಆಚೆ ದಡದಿಂದ ಹರಿಗೋಲಿನಲ್ಲಿ ಹುಲ್ಲು ತರುತ್ತಿದ್ದರು. ಅಣ್ಣ ತಮ್ಮನಿಗೆ ಪಾಲಿನ ವಿಷಯದಲ್ಲಿ ಮನಸ್ತಾಪ, ತಿಂಗಳಿಂದ ಮಾತಿರಲಿಲ್ಲ. ನಡುನೀರಿನಲ್ಲಿ ಹರಿಗೋಲು ವಾಲಿತು, ಮಹದೇವ ಬಿದ್ದ. ಬೆಟ್ಟಯ್ಯ ಬಿದಿರ ಗಳ ಚಾಚಿದ. ನೀರಿನಿಂದ ಒಂದು ಕೈ ಮೇಲೆ ಬಂತು. ಗಳ ಹಿಂದಕ್ಕೆ ಹೋಯಿತು. ಮತ್ತೆ ಚಾಚಿದಾಗ ಅಲ್ಲಿ ಕೈ ಇರಲಿಲ್ಲ. ಇದನ್ನು ಮುದ್ದಮ್ಮ ಅತ್ತೆಗೂ ಹೇಳಿರಲಿಲ್ಲ.

ಈಗ ಹಾಡಿದಳು:

ತುಂಬಿದ ಹೊಳೆಯಲ್ಲಿ ತಮ್ಮನ ಕೈ ಬಂತಲ್ಲೋ
ಚಾಚಿದ ಗಳವ ಹಿಂದಕ್ಕೆ ಎಳಕೊಂಡೆಯಲ್ಲೋ
ಬೆರಳಿಗೆ ಬಿದಿರು ಸಿಗದಂಗೆ, ಬೆಟ್ಟಯ್ಯ,
ಬೆನ್ನಿಗೆ ಬಿದ್ದವನ ಬಿಟ್ಟು ಬಂದೆಯಲ್ಲೋ

ಆಕಳಿಕೆಗಳು ನಿಂತವು. ತಮಟೆಯವನು ಕಾಯಿಸುತ್ತಿದ್ದ ತಮಟೆಯನ್ನು ಕೆಳಗಿಟ್ಟ. ಕಂಬಕ್ಕೆ ಒರಗಿ ಕೂತಿದ್ದ ಗೋವಿಂದಮ್ಮ, ಆ ಮಹದೇವನ ಹೆಂಡತಿ, ಅಲ್ಲಿಯವರೆಗೂ ಬಾವನಿಗಾಗಿ ಸಣ್ಣಗೆ ಅಳುತ್ತಿದ್ದಳು. ಅವಳ ಅಳು, ದಾರ ಕಡಿದ ಹಾಗೆ, ಅಲ್ಲಿಗೇ ನಿಂತಿತು.

ಮುದ್ದಮ್ಮ ಬಿಳಿಗೆ ಉಸಿರು ಎಳೆದುಕೊಂಡಳು. ಅದೂ ಸಿದ್ಧವಾಗಿತ್ತು: ಹದಿನೆಂಟು ಸುಗ್ಗಿ, ತನ್ನ ಕಣಜಕ್ಕೆ ಹಿಡಿ ಭತ್ತ ಬೀಳುವ ಮೊದಲು ತಮ್ಮನ ಹೆಂಡತಿಯ ಹೊಸಿಲಿಗೆ ನಾಲ್ಕು ಪಲ್ಲ, ಚೀಲಚೀಲವಾಗಿ ಹೊತ್ತು ಇಳಿಸಿದವನು ಬೆಟ್ಟಯ್ಯ. ಆಳಿನ ಕೈಲಿ ಕಳಿಸಿದವನಲ್ಲ, ತಾನೇ ಹೊತ್ತವನು. ಮೊದಲ ಅಕ್ಷರ ತುಟಿಗೆ ಬಂದಿತ್ತು. ಆಗ ವ್ಯಾನಿನ ಹಾರನ್ನು ಕೇಳಿಸಿತು.

ಕಾಂತರಾಜು ಓಡುತ್ತಾ ಬಂದ. "ಐತೆ! ಉಸ್ರೈತೆ! ನಾಲೆ ಸೇತ್ವೆ ತಾವ ಗುಂಡೀಲಿ ಗಾಡಿ ಎಗ್ರುತು, ಅಪ್ಪ ಕೆಮ್ಮುಬುಟ್ರು! ನರಸೀಪುರಕ್ಕೆ ವಾಪಸ್ ಓಗಿ ಡಾಕ್ಟ್ರಿಗೆ ತೋರ್ಸ್ಕೊಂಡು ಬಂದೋ, ಅದ್ಕೇ ಲೇಟು!"

ಊರೇ ಎದ್ದು ನಿಂತಿತು. "ಯಮನ್ ತಾವ್ಲೂವೆ ಜಗಳ ಕಾಯ್ಕೊಂಡು ಬಂದವ್ನೆ ಕಣ್ಲಾ" ಅಂದ ಚಾಮಯ್ಯ. ನಕ್ಕರು, ಅತ್ತರು, ಚಟ್ಟವನ್ನು ಹಿತ್ತಿಲಿಗೆ ಎಸೆದರು. ಮುದ್ದಮ್ಮ ಎಳೆದುಕೊಂಡ ಉಸಿರನ್ನು ಹಾಗೇ ಬಿಟ್ಟಳು. ಬದುಕಿರುವವನ ಮೇಲೆ ಪದ ಹಾಡುವಂತಿಲ್ಲ. ಹಾಡಿದ ಕರಿ ಮಾತ್ರ ಗಾಳಿಯಲ್ಲಿ ಉಳಿಯಿತು. ಕರು ಬಿಚ್ಚಿಕೊಂಡರೆ ಹಿಡಿದು ಕಟ್ಟಬಹುದು. ಮಾತನ್ನು ಯಾವ ಗೂಟಕ್ಕೆ ಕಟ್ಟುವುದು?

ಬೆಟ್ಟಯ್ಯನನ್ನು ಜಗುಲಿ ಮೇಲೆ ಹಗ್ಗದ ಮಂಚದಲ್ಲಿ ಮಲಗಿಸಿದರು. ಗಂಜಿ ಬಿಟ್ಟು ಬೇರೇನೂ ಕೂಡದು ಅಂದಿದ್ದರು ಡಾಕ್ಟರು. ಮೂರು ದಿನ ಇದ್ದು ಕಾಂತರಾಜು ಕೆಲಸಕ್ಕೆ ಹೋದ. ಗಂಜಿ ಕಾಯಿಸಿ ಕುಡಿಸಲು ಒಬ್ಬರು ಬೇಕಲ್ಲ. "ನಾನು ನೋಡ್ಕತೀನಿ, ನೀನೋಗಪ್ಪ" ಅಂದವಳು ಗೋವಿಂದಮ್ಮ. ನಡುವೆ ಒಂದು ಗೋಡೆ, ಆ ಕಡೆಯ ಪಾಲಿನಲ್ಲೇ ಅವಳ ವಾಸ. ಯಾರೂ ಬೇಡ ಅನ್ನಲಿಲ್ಲ, ಎಷ್ಟು ಒಳ್ಳೆಯ ಹೆಂಗಸು ಅಂತ ಕೂಡ ಅನ್ನಲಿಲ್ಲ. ಪದ ಕೇಳಿದವರೆಲ್ಲ ಆ ಮನೆಯ ಮುಂದೆ ಹಾಯುವಾಗ ಹೆಜ್ಜೆ ಚುರುಕು ಮಾಡುತ್ತಿದ್ದರು.

ಐದನೇ ದಿನ ಕೊಳವೆಬಾವಿಯ ಹತ್ತಿರ ಮುದ್ದಮ್ಮ ಅವಳನ್ನು ಹಿಡಿದಳು.

"ಗೋವಿಂದಮ್ಮ, ಅವತ್ತು ಪದ ಪೂರ್ತಿ ಆಗ್ನಿಲ್ಲ ಕಣವ್ವ."

"ಆಗಿದ್ದಷ್ಟು ಸಾಕು ಬುಡಕ್ಕ."

"ಬಿಳಿ ಒಂದೈತೆ, ಅದ್ನ ಬಾಯ್ಮಾತಲ್ಲಾದ್ರೂ ಯೋಳ್ತೀನಿ..."

"ನಾಕು ಪಲ್ಲ ಭತ್ತ ತಾನೆ?" ಗೋವಿಂದಮ್ಮ ಪಂಪಿನ ಹಿಡಿ ಒತ್ತುತ್ತಲೇ ಅಂದಳು. "ಅದ್ನ ನೀನ್ ಯೋಳ್ಬೇಕಾ? ಉಂಡಿವ್ನಿ ನಾನು. ಹದಿನೆಂಟೊರ್ಸ, ನಮ್ಮ ಬಾವ ದೇವ್ರು ಅಂದ್ಕಂಡು ಉಂಡಿವ್ನಿ."

ಬಿಂದಿಗೆ ತುಂಬಿ ಚೆಲ್ಲಿತು. ಅವಳು ಹಿಡಿ ಬಿಟ್ಟು ಮುದ್ದಮ್ಮನ ಕಡೆ ತಿರುಗಿದಳು.

"ಒಂದೇ ಒಂದು ಕೇಳ್ತೀನಿ. ಗಳವ ಅವ್ರು ಎಳಕೊಂಡ್ರಾ? ತಾನಾಗಿ ಜಾರ್ತಾ?"

ಮುದ್ದಮ್ಮ ಕಂಡಿದ್ದು ಇಷ್ಟೇ: ಗಳ ಹಿಂದಕ್ಕೆ ಹೋಯಿತು. ನಡುವೆ ಅಷ್ಟು ನೀರು, ಅಷ್ಟು ದೂರ. ಹಾಡಿನಲ್ಲಿ 'ಹೋಯಿತು' ಅಂದರೆ ಸಾಲು ಕುಸಿಯುತ್ತಿತ್ತು. 'ಎಳಕೊಂಡೆ' ಅಂದಾಗ ನೆಟ್ಟಗೆ ನಿಂತಿತು. ಕರಿ ಗಟ್ಟಿಯಾಗಿದ್ದರೆ ಬಿಳಿ ಹೊಳೆಯುತ್ತದೆ ಅಂತ ಅವಳು ಒಂದು ಎಳೆ ಹೆಚ್ಚಿಗೆ ಬಳಿದಿದ್ದಳು. ಬಿಳಿ ಬರುವುದೇ ಇಲ್ಲ ಅಂತ ಯಾರು ಕಂಡಿದ್ದರು? ಅದನ್ನು ಒಪ್ಪಿಕೊಂಡರೆ ಅತ್ತೆಯ ಕಾಲದಿಂದ ಹಾಡಿದ ಪದಗಳನ್ನೆಲ್ಲ ಊರು ತೂಗಿ ನೋಡುತ್ತದೆ. ಅವಳು ಸುಮ್ಮನಿದ್ದಳು.

ಗೋವಿಂದಮ್ಮ ಆ ಸುಮ್ಮನಿರುವಿಕೆಯನ್ನೇ ಉತ್ತರವೆಂದು ತೆಗೆದುಕೊಂಡಳು. ಬಿಂದಿಗೆ ಸೊಂಟಕ್ಕಿಟ್ಟು, "ಬತ್ತೀನಕ್ಕ, ಗಂಜಿಗೊತ್ತಾಯ್ತು" ಅಂದಳು. ಮಾತು ತೀರಾ ಮೆತ್ತಗಿತ್ತು.

ಮುದ್ದಮ್ಮನಿಗೆ ಸೋಮವಾರ ಒಪ್ಪತ್ತು. ಆ ಸೋಮವಾರ ಮನಸ್ಸು ತಡೆಯದೆ ಮೊದಲ ಬಸ್ಸಿಗೆ ನರಸೀಪುರಕ್ಕೆ ಬಂದು, ಅಲ್ಲಿಂದ ನಂಜನಗೂಡಿನ ಬಸ್ಸು ಹತ್ತಿದಳು. ಕಪಿಲೆಯಲ್ಲಿ ಮುಳುಗಿ ಒದ್ದೆ ಸೀರೆಯಲ್ಲೇ ಗುಡಿಯ ಒಳಗೆ ನಿಂತಳು. ಏನು ಬೇಡುವುದು ಅಂತ ತಿಳಿಯಲಿಲ್ಲ. ನಂಜನ್ನು ಉಂಡವನು ಒಳಗೆ ತಣ್ಣಗೆ ಕೂತಿದ್ದ. ಲೋಕಕ್ಕೆ ತಗುಲಬಾರದೆಂದು ಗಂಟಲಲ್ಲೇ ಹಿಡಿದವನು. ನುಂಗಲೂ ಇಲ್ಲ, ಉಗುಳಲೂ ಇಲ್ಲ. ಹದಿನೆಂಟು ವರ್ಷ ತಾನೂ ಹಾಗೇ ಹಿಡಿದಿದ್ದೆ ತಂದೆ ಅಂದುಕೊಂಡಳು. ಉಗುಳಿದೆ. ಅದೂ ಒಂದು ಹಿಡಿ ಜಾಸ್ತಿ ಬೆರೆಸಿ ಉಗುಳಿದೆ. ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಳು. ಸಾಲಿನಲ್ಲಿ ಹಿಂದೆ ನಿಂತವರು, "ಸರೀರಿ ಅಮ್ಮ, ನಿಮ್ಗೊಬ್ರಿಗೇನಾ ದೇವ್ರು?" ಅಂದರು.

ಬಸ್‌ಸ್ಟ್ಯಾಂಡಿನಲ್ಲಿ ಕಾಂತರಾಜು ಸಿಕ್ಕಿದ. ರಾತ್ರಿ ಪಾಳಿ ಮುಗಿಸಿ ಕಾಫಿ ಕುಡಿಯುತ್ತಿದ್ದ. ಪದದಲ್ಲಿ ಏನಿತ್ತು ಅನ್ನುವುದನ್ನು ಅವನ ಕಿವಿಗೆ ಯಾರೂ ಹಾಕಿರಲಿಲ್ಲ.

"ಮುದ್ದಕ್ಕ, ಅಪ್ಪನ ಮ್ಯಾಲೆ ಪದ ಎತ್ತಿದ್ಯಂತೆ! ನಿನ್ ಬಾಯಿಂದ ಆಯುಸ್ಸು ಜಾಸ್ತಿ ಆಯ್ತು ಬುಡು" ಅಂತ ನಕ್ಕ.

"ಎಂಗವ್ರೆ ನಿಮ್ಮಪ್ಪ?"

"ನಿನ್ನೆ ಓಗಿದ್ದೆ. ವಸಿ ನಿತ್ರಾಣ ಜಾಸ್ತಿ ಆಗೈತೆ. ಆದ್ರೆ ಚಿಕ್ಕವ್ವ ಬಾಳ ಚೆಂದಾಗಿ ನೋಡ್ಕತಾವ್ಳೆ. ಇಂಗ್ಲಿಸ್ ಔಸ್ದಿ ಎಲ್ಲ ನಿಲ್ಸ್‌ಬುಟ್ಟವ್ಳೆ, ಅದು ಇವ್ರಿಗಾಗಕ್ಕಿಲ್ಲ ಅಂತ. ಅದೇನೋ ಬೇರು ತೇಯ್ದು ಗಂಜೀಗಾಕ್ತಾಳಂತೆ."

"ಯಾವ ಬೇರು?"

"ನಂಗೇನ್ ಗೊತ್ತಕ್ಕ? ಇತ್ತಿಲಲ್ಲಿರೋದಂತೆ." ಲೋಟ ಕೆಳಗಿಟ್ಟ. "ಯಾಕೆ, ನಿಂಗೂ ಬೇಕಾ?"

ಹತ್ತು ಗಂಟೆಯ ಬಸ್ಸಿನಲ್ಲಿ ಅವಳು ಕಿಟಕಿ ಕಂಬಿ ಹಿಡಿದು ಕೂತಿದ್ದಳು. ಕೊಯ್ಲಾದ ಗದ್ದೆಗಳು, ಕಬ್ಬಿನ ಗಾಡಿಗಳು ಹಿಂದೆ ಹೋದವು. ಕಂಡಕ್ಟರು ಎರಡು ಸಲ ಕೇಳಿದ ಮೇಲೆ ಟಿಕೆಟ್ಟು ತೆಗೆದುಕೊಂಡಳು. ಸೋಸಲೆಯಲ್ಲಿ ಇಳಿದು ಓಡುನಡಿಗೆಯಲ್ಲಿ ಬಂದಳು. ಬೆಟ್ಟಯ್ಯನ ಮನೆಗೆ ಹಿತ್ತಿಲ ಕಡೆಯಿಂದಲೇ ದಾರಿ ಹತ್ತಿರ. ಗೋವಿಂದಮ್ಮನ ಬೇಲಿಯ ಪಕ್ಕದಲ್ಲಿ ಕಣಗಿಲೆ ಗಿಡವಿತ್ತು. ದಿನಾ ಬೆಳಿಗ್ಗೆ ಅವಳು ಶಿವನಿಗೆ ಅಂತ ಹೂ ಬಿಡಿಸುತ್ತಿದ್ದ ಗಿಡ, ಆದರೆ ಬೇರು ಬರೀ ನಂಜು. ಹೂ ಹಾಗೇ ಇದ್ದವು. ಬುಡದಲ್ಲಿ ಮಣ್ಣು ಅಗೆದು ಹೊಸದಾಗಿತ್ತು.

ಜಗುಲಿಗೆ ಬಂದಾಗ ನೆರಳು ಕಾಲಡಿಗೆ ಬಂದಿತ್ತು. ಬೆಟ್ಟಯ್ಯ ಮಂಚದ ಮೇಲಿದ್ದ. ಪದ ಎತ್ತಿದ ದಿನದಿಂದೀಚೆಗೆ ಮುದ್ದಮ್ಮ ಅವನ ಮುಖ ನೋಡಿದ್ದು ಆಗಲೇ. ಕೆನ್ನೆ ಒಳಕ್ಕೆ ಹೋಗಿತ್ತು, ತುಟಿ ಕಪ್ಪಾಗಿತ್ತು. ಕಣ್ಣು ಮಾತ್ರ ಹಿಂದಿನಂತೆಯೇ ನೆಟ್ಟಗಿತ್ತು. ಗೋವಿಂದಮ್ಮ ಒಳಗಿನಿಂದ ಬಟ್ಟಲು ಹಿಡಿದು ಬಂದವಳು ಹೊಸಿಲಲ್ಲೇ ನಿಂತಳು.

"ಬಾರಕ್ಕ. ಏನು ಈ ಬಿಸ್ಲಲ್ಲಿ?"

"ನಂಗೊಂದು ಬಟ್ಲು ಗಂಜಿ ಕೊಡವ್ವ" ಅಂದಳು ಮುದ್ದಮ್ಮ ಜಗುಲಿಗೆ ಕೂರುತ್ತಾ. "ಬೆಳಗಿಂದ ಬರೀ ಒಟ್ಟೆ."

"ಸ್ವಾಮಾರ ನಿಂಗೆ ಒಪ್ಪತ್ತಲ್ವಾ?"

"ಇವತ್ತು ಮುರೀತೀನಿ."

"ಇರು, ಮಜ್ಜಿಗೆ ಕೊಡ್ತೀನಿ."

"ಮಜ್ಜಿಗೆ ಬ್ಯಾಡ. ಅದೇ ಗಂಜಿ ಕೊಡು. ನಿನ್ ಕೈಲಿರೋದು."

"ಇದು ಕಾಯ್ಲೆಯೋರ್ದು. ನಿಂಗೆ ಸೇರಕ್ಕಿಲ್ಲ."

"ಸೇರ್ತದೆ, ತಾ." ಮುದ್ದಮ್ಮ ಕೈ ಚಾಚಿದಳು. ಹಿಂದಕ್ಕೆ ತೆಗೆಯಲಿಲ್ಲ. "ಅದು ನಂದೇ ಬಟ್ಲು ಕಣವ್ವ. ಅವತ್ತು ಕೊಳವೆಬಾವಿ ತಾವ ನೀನ್ ಕೇಳ್ದೆ, ನಾನು ಬಾಯ್ ಬುಡ್ನಿಲ್ಲ. ಇವತ್ತು ಯೋಳ್ತೀನಿ. ಗಳ ಇಂದಕ್ಕೋದದ್ದು ಕಂಡೆ. ಅವ್ನು ಎಳಕೊಂಡದ್ದು ಕಾಣ್ನಿಲ್ಲ. ಕರಿ ಗಟ್ಟಿಯಾಗ್ಲಿ ಅಂತ ಎಳಕೊಂಡೆ ಅಂದೆ. ಕಂಡದ್ದಕ್ಕಿಂತ ಜಾಸ್ತಿ ಹಾಡ್ದೆ. ಆ ಜಾಸ್ತೀದು ನಂದು. ಕುಡಿಯೋದಾದ್ರೆ ಅದ್ನ ನಾನು ಕುಡೀಬೇಕು."

ಎದುರು ಮನೆಯ ಎಮ್ಮೆ ಒಂದು ಸಲ ಕೂಗಿತು. ಗೋವಿಂದಮ್ಮನ ಕೈಯಲ್ಲಿ ಬಟ್ಟಲು ಅಲುಗಲಿಲ್ಲ. ಅವಳು ಮುದ್ದಮ್ಮನನ್ನು ನೋಡಲಿಲ್ಲ, ಮಂಚದ ಕಡೆ ತಿರುಗಿದಳು. ಹದಿನೆಂಟು ವರ್ಷದಲ್ಲಿ ಬಾವನ ಎದುರು ನಿಂತು ಅವಳು ಒಂದು ಪ್ರಶ್ನೆ ಕೇಳಿದವಳಲ್ಲ.

"ನೀವೇ ಯೋಳಿ ಬಾವ."

ಬೆಟ್ಟಯ್ಯ ಮೇಲಿನ ತೊಲೆ ನೋಡುತ್ತಿದ್ದ.

"ಎಳಕೊಂಡೆ."

ಮುದ್ದಮ್ಮ ಕಣ್ಣು ಮುಚ್ಚಿದಳು.

"ಅವನು ಗಳ ಇಡಿದ್ರೆ ಅರಿಗೋಲು ಮಗಚ್ತಿತ್ತು. ನನ್ ಜೀವಕ್ಕೆ ಎದ್ರಿದೆ. ಅವನ ಮ್ಯಾಲೆ ಸಿಟ್ಟೂ ಇತ್ತು, ಇರ್ನಿಲ್ಲ ಅಂತ ಎಂಗನ್ಲಿ. ಆ ಗಳಿಗೇಲಿ ಕೈಯ ಇಂದಕ್ಕೆ ಎಳೆದದ್ದು ಎದ್ರಿಕೆನೋ ಸಿಟ್ಟೋ, ಇವತ್ಗೂ ಗೊತ್ತಿಲ್ಲ ಕಣವ್ವ. ಎಲ್ಡೇ ಗಳ್ಗೆ. ಮತ್ತೆ ಚಾಚ್ದೆ. ಅವನಿರ್ನಿಲ್ಲ." ಉಸಿರು ತೆಗೆದುಕೊಂಡ. "ಭತ್ತ ಒತ್ತದ್ದು ಪುಣ್ಯಕ್ಕಲ್ಲ. ನಿನ್ನ ಒಸ್ಲು ತಾವ ಬಂದಾಗ್ಲೆಲ್ಲ ಯೋಳ್‌ಬುಡವ ಅಂತ ಬತ್ತಿದ್ದೆ. ಚೀಲ ಇಳ್ಸಿ ವಾಪಸ್ ಓಗ್ತಿದ್ದೆ."

ಗೋವಿಂದಮ್ಮ ಬಟ್ಟಲು ಹಿಡಿದು ಹಾಗೇ ನಿಂತಿದ್ದಳು. ಗಂಜಿಯ ಮೇಲೆ ಕೆನೆ ಕಟ್ಟಿತು. ಅವಳು ಆ ಕಡೆ ಮಂಚಕ್ಕೂ ಹೋಗಬಹುದಿತ್ತು, ಇತ್ತ ಚಾಚಿದ ಕೈಗೂ ಕೊಡಬಹುದಿತ್ತು. ಮುದ್ದಮ್ಮ ಮನಸ್ಸಿನಲ್ಲಿ ನಂಜುಂಡ ನಂಜುಂಡ ಅನ್ನುತ್ತಿದ್ದಳು. ಬೇರೆ ಯಾವ ಪದವೂ ಬರಲಿಲ್ಲ.

"ತಳ ಅತ್ತೋಗೈತೆ ಈ ಗಂಜಿ" ಅಂದಳು ಗೋವಿಂದಮ್ಮ ಕೊನೆಗೆ. "ಬೇರೆ ಕಾಯಿಸ್ತೀನಿ."

ಒಳಗೆ ಹೋದಳು. ಸೀದ ವಾಸನೆ ಎಲ್ಲೂ ಇರಲಿಲ್ಲ. ಹಿತ್ತಿಲಲ್ಲಿ ಮಡಕೆ ಬಗ್ಗಿಸಿದ ಸದ್ದು, ಮಣ್ಣು ಮುಚ್ಚಿದ ಸದ್ದು, ಬೂದಿ ಹಾಕಿ ಉಜ್ಜಿ ಉಜ್ಜಿ ತೊಳೆಯುವ ಸದ್ದು ಬಂತು. ಆಮೇಲೆ ಒಲೆ ಊದುವುದು ಕೇಳಿಸಿತು.

"ನೀನ್ಯಾಕೆ ಬಂದೆ ಮುದ್ದಕ್ಕ" ಅಂದ ಬೆಟ್ಟಯ್ಯ, ಒಳಗೆ ಕೇಳಿಸದ ಹಾಗೆ. "ಮೂರ್ ದಿನದಿಂದ ಕಹಿ ಐತೆ. ದಿನಾ ವಸಿ ಜಾಸ್ತಿ."

"ಗೊತ್ತಿದ್ದೂ ಕುಡುದ್ಯಾ?"

"ಬ್ಯಾಡ ಅನ್ನಕ್ಕೆ ನನಗೇನು ಬಾಯೈತೆ?"

ಮುದ್ದಮ್ಮ ಅವನ ಮುಖ ನೋಡಿದಳು. ನೂರಾರು ಹೆಣದ ಮುಖ ನೋಡಿದ ಕಣ್ಣು ಅವಳದು. ಸತ್ತವರ ಮುಖದಲ್ಲಿ ಕರಿ ಬಿಳಿ ಬೇರೆ ಬೇರೆಯಾಗಿ ಕಾಣುತ್ತಿದ್ದವು, ಒಂದೊಂದನ್ನೇ ಎತ್ತಿ ಹಾಡಬಹುದಿತ್ತು. ಇವನು ಉಸಿರಾಡುತ್ತಿದ್ದ. ಭತ್ತದ ಚೀಲದ ಒಳಗೆ ಹೊಳೆ ಇತ್ತು, ಹೊಳೆಯ ಒಳಗೆ ಭತ್ತ. ಯಾವುದನ್ನು ಎಲ್ಲಿ ಕತ್ತರಿಸುವುದು ಅಂತ ಅವಳಿಗೆ ತಿಳಿಯಲಿಲ್ಲ.

ಗೋವಿಂದಮ್ಮ ಎರಡು ಬಟ್ಟಲು ತಂದಳು. ಒಂದನ್ನು ಮುದ್ದಮ್ಮನ ಮುಂದಿಟ್ಟಳು. ಇನ್ನೊಂದನ್ನು ಹಿಡಿದು ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಇವ್ರ ಜೀವ ಓದಾಗ ಕರೀತೀನಿ ನಿನ್ನ" ಅಂದಳು ಮುದ್ದಮ್ಮನಿಗೆ, ತಿರುಗದೆ. "ಈಗ ಕೇಳ್ದ್ಯಲ್ಲ, ಅಷ್ಟನ್ನೇ ಹಾಡು. ಒಂದು ಕಾಳು ಜಾಸ್ತಿ ಬ್ಯಾಡ."

"ಬಿಳಿ?"

"ನಂಗಿನ್ನೂ ಕಂಡಿಲ್ಲ. ಕಂಡ್ರೆ ಯೋಳ್ತೀನಿ."

ಬೆಟ್ಟಯ್ಯನ ತಲೆ ಎತ್ತಿ ಹಿಡಿದು ಬಟ್ಟಲನ್ನು ತುಟಿಗೆ ತಂದಳು. "ಮೆಲ್ಲಕ್ಕೆ. ಸುಡ್ತದೆ."

ಅವನು ಒಂದು ಗುಟುಕು ಕುಡಿದ. ಬಾಯಲ್ಲಿ ಆಡಿಸಿದ. ನುಂಗಿದ.

"ಉಪ್ಪಿಲ್ಲ" ಅಂದ.

ಗೋವಿಂದಮ್ಮ ಬಟ್ಟಲು ಕೆಳಗಿಟ್ಟು ಒಳಗೆ ಹೋದಳು. ಉಪ್ಪು ತರಲು ಅಷ್ಟು ಹೊತ್ತು ಬೇಡ. ಜಗುಲಿಯ ಮೇಲಿನ ಇಬ್ಬರೂ ಬಾಗಿಲು ನೋಡುತ್ತಾ ಕೂತರು. ಒಳಗೆ ಏನೂ ಸದ್ದಿರಲಿಲ್ಲ. ಮುದ್ದಮ್ಮ ತನ್ನ ಬಟ್ಟಲನ್ನು ಎತ್ತಲೂ ಇಲ್ಲ, ಸರಿಸಲೂ ಇಲ್ಲ.

ಗೋವಿಂದಮ್ಮ ಹೊರಗೆ ಬಂದಾಗ ಕಣ್ಣು ಕೆಂಪಗಿದ್ದವು, ಅಂಗೈ ಮುಚ್ಚಿತ್ತು. ಮಂಚದ ಹತ್ತಿರ ಬಂದು ಅಂಗೈ ಬಿಚ್ಚಿದಳು. ಇಬ್ಬರೂ ಅದನ್ನೇ ನೋಡುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು. ಎರಡು ಹರಳು ಎತ್ತಿ ಮೊದಲು ತನ್ನ ನಾಲಿಗೆಯ ಮೇಲಿಟ್ಟುಕೊಂಡಳು. ಉಳಿದದ್ದನ್ನು ಅವನ ಗಂಜಿಗೆ ಹಾಕಿ ಬೆರಳಿನಿಂದ ಕಲಸಿದಳು.